ಕೀ ತಿರುಗಿಸಿದರೆ ಇಂಜಿನ್ ನಿಲ್ಲುತ್ತೆ, ಬಿಸಿ ನಿಲ್ಲುತ್ತಾ?



ಮನೆಯಲ್ಲಿ ಜೋಳದ ರೊಟ್ಟಿ ಮಾಡುವಾಗ ಒಂದು ವಿಷಯ ಗಮನಿಸಿದ್ದೀರಾ? ಕೊನೇ ರೊಟ್ಟಿ ಹೆಂಚಿನ ಮೇಲಿರುವಾಗಲೇ ಅಮ್ಮ ಒಲೆ ಆರಿಸಿಬಿಡುತ್ತಾರೆ. ಆದರೂ ರೊಟ್ಟಿ ಬೇಯುತ್ತದೆ. ಮರೆತು ಅಲ್ಲೇ ಬಿಟ್ಟರೆ ಸೀದೂ ಹೋಗುತ್ತದೆ. ಬೆಂಕಿ ಆರಿದೆ ನಿಜ, ಆದರೆ ಹೆಂಚಿನೊಳಗಿನ ಉಷ್ಣ ಎಲ್ಲಿಗೆ ಹೋಗಬೇಕು ಹೇಳಿ?

ಹಿಂದೂಪುರ ಬಸ್ ಸ್ಟ್ಯಾಂಡಿನ ಆಟೋ, ನಿಮ್ಮ ಮನೆಯ ಬೈಕು, ಜರ್ಮನಿಯ ಸ್ಪೋರ್ಟ್ಸ್ ಕಾರು, ಎಲ್ಲದರಲ್ಲೂ ಇದೇ ಪ್ರಶ್ನೆ ಇದೆ. "ಉಷ್ಣ" ಪಾಠದಲ್ಲಿ ಓದಿದ ವಹನ, ಸಂವಹನ ಇಲ್ಲಿ ಹೇಗೆ ಕೆಲಸ ಮಾಡುತ್ತವೆ ನೋಡೋಣ.

ಗಾಳಿಯಿಂದ ತಣಿಯುವ ಇಂಜಿನ್

ಪೆಟ್ರೋಲ್ ಉರಿದಾಗ ಬರುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಚಕ್ರ ತಿರುಗಿಸಲು ಸಿಗುತ್ತದೆ. ಉಳಿದದ್ದು ಹೆಚ್ಚಾಗಿ ಉಷ್ಣವಾಗಿ ಸೈಲೆನ್ಸರ್ ಮೂಲಕ ಮತ್ತು ಇಂಜಿನ್ನಿನ ಮೈಯಿಂದ ಹೊರಗೆ ಹೋಗಬೇಕು. ನಮ್ಮ ಪೆನುಕೊಂಡದ ಹತ್ತಿರ 2019ರಿಂದ ಕಾರು ತಯಾರಿಸುತ್ತಿರುವ ಕಿಯಾ ಕಾರ್ಖಾನೆಯ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಈ ಕೆಲಸಕ್ಕೆ ನೀರು ಮತ್ತು ರೇಡಿಯೇಟರ್ ಇವೆ.

ಆದರೆ ಬಹಳಷ್ಟು ಬೈಕು, ಸ್ಕೂಟರ್, ಆಟೋಗಳಲ್ಲಿ ನೀರಿಲ್ಲ. ಸಿಲಿಂಡರಿನ ಸುತ್ತ ತೆಳುವಾದ ಲೋಹದ ಪಟ್ಟಿಗಳಿರುತ್ತವೆ. ಇವನ್ನು ಫಿನ್ ಅಂತಾರೆ. ಉಷ್ಣ ಲೋಹದೊಳಗೆ ವಹನದಿಂದ ಫಿನ್ನಿಗೆ ಬರುತ್ತದೆ, ಅಲ್ಲಿಂದ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಮೇಲ್ಮೈ ವಿಸ್ತೀರ್ಣ ಹೆಚ್ಚಿದಷ್ಟೂ ಉಷ್ಣ ಬೇಗ ಹೊರಹೋಗುತ್ತದೆ, ಅದಕ್ಕೇ ಅಷ್ಟೊಂದು ಪಟ್ಟಿಗಳು.

ಇದರಲ್ಲಿ ಎರಡು ವಿಧ ಇದೆ. ಬೈಕಿನ ಇಂಜಿನ್ ಬಯಲಿಗೆ ಇರುತ್ತದೆ, ಗಾಡಿ ಓಡಿದರೆ ಗಾಳಿ ತಾನಾಗಿ ಬಡಿಯುತ್ತದೆ. 1961ರಿಂದ ಮೈಸೂರಿನಲ್ಲಿ ತಯಾರಾದ ಜಾವಾ ಬೈಕುಗಳೂ ಹೀಗೇ. ಆಟೋ ಮತ್ತು ಗೇರಿಲ್ಲದ ಸ್ಕೂಟರುಗಳ ಇಂಜಿನ್ ಮರೆಯಲ್ಲಿ ಇರುವುದರಿಂದ ಅದಕ್ಕೊಂದು ಫ್ಯಾನ್ ಬೇಕು. ಆ ಫ್ಯಾನನ್ನು ಇಂಜಿನ್ನೇ ತಿರುಗಿಸುತ್ತದೆ.

1963ರಲ್ಲಿ ಫ್ರಾಂಕ್‌ಫರ್ಟ್ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಪೋರ್ಷೆ 911 ಎಂಬ ಸ್ಪೋರ್ಟ್ಸ್ ಕಾರು ಎರಡನೇ ವಿಧದ್ದು. ಹಿಂಭಾಗದಲ್ಲಿ ಆರು ಸಿಲಿಂಡರಿನ ಇಂಜಿನ್, ಅದರ ಮೇಲೆ ಬೆಲ್ಟಿನಿಂದ ತಿರುಗುವ ದೊಡ್ಡ ಫ್ಯಾನ್. ಉಷ್ಣದ ಒಂದು ದೊಡ್ಡ ಪಾಲನ್ನು ಆಯಿಲ್ ಕೂಡ ಹೊತ್ತೊಯ್ಯುತ್ತದೆ. 1998ರವರೆಗೂ ಗಾಳಿಯಿಂದ ತಣಿಯುವ 911 ತಯಾರಾಯಿತು.

ಆಫ್ ಮಾಡಿದ ಕ್ಷಣ ಏನಾಗುತ್ತದೆ?

ಮೇ ತಿಂಗಳ ಮಧ್ಯಾಹ್ನ. ಒಂದು ಆಟೋ ಕಡಲೆಕಾಯಿ ಮೂಟೆ ಹೇರಿಕೊಂಡು ಏರು ಹತ್ತಿ ಕಲ್ಯಾಣದುರ್ಗಕ್ಕೆ ಬಂತು ಅಂದುಕೊಳ್ಳಿ. ಡ್ರೈವರ್ ಅದೇ ಜೋರಿನಲ್ಲಿ ಬಂದು ಗಕ್ಕನೆ ನಿಲ್ಲಿಸಿ ಕೀ ತಿರುಗಿಸಿದ. ಅದೇ ಕ್ಷಣದಲ್ಲಿ ಮೂರು ಕೆಲಸ ಒಟ್ಟಿಗೆ ನಿಂತವು: ಪೆಟ್ರೋಲ್ ಉರಿಯುವುದು, ಫ್ಯಾನ್ ತಿರುಗುವುದು, ಆಯಿಲ್ ಪಂಪ್ ಓಡುವುದು.

ಬಿಸಿ ಹುಟ್ಟುವುದು ನಿಂತಿತಲ್ಲ, ಇನ್ನೇನು ತೊಂದರೆ ಅನ್ನಬಹುದು. ಇಲ್ಲೇ ಹೆಂಚಿನ ಪಾಠ ಬರುವುದು. ಓಡುತ್ತಿದ್ದಾಗ ಪಿಸ್ಟನ್ನಿನ ತಲೆ ಮತ್ತು ಹೊಗೆ ಹೋಗುವ ವಾಲ್ವ್ ಬಹಳ ಬಿಸಿ, ಹೊರಗಿನ ಭಾಗಗಳು ಅದಕ್ಕಿಂತ ತಂಪು. ಫ್ಯಾನ್ ನಿಂತ ಮೇಲೆ ಒಳಗಿನ ಉಷ್ಣ ವಹನದಿಂದ ಹೊರಕ್ಕೆ ಬರುತ್ತಲೇ ಇರುತ್ತದೆ, ಆದರೆ ಅದನ್ನು ಹೊತ್ತೊಯ್ಯುವವರಿಲ್ಲ. ಹಾಗಾಗಿ ಮೊದಲ ಕೆಲವು ನಿಮಿಷ ಹೊರಭಾಗಗಳ ತಾಪ ಇಳಿಯುವ ಬದಲು ಏರುತ್ತದೆ!

ಕಾರ್ಬ್ಯುರೇಟರ್ ಇರುವ ಗಾಡಿಯಲ್ಲಿ ಅದರೊಳಗಿನ ಪೆಟ್ರೋಲ್ ಆವಿಯಾಗತೊಡಗುತ್ತದೆ. "ಬಿಸಿ ಇದ್ದಾಗ ಸ್ಟಾರ್ಟ್ ಆಗಲ್ಲ, ಆರಿದ ಮೇಲೆ ಆಗುತ್ತೆ" ಅನ್ನುವ ದೂರಿಗೆ ಇದೊಂದು ಕಾರಣ. ಹರಿಯದೆ ನಿಂತ ಆಯಿಲ್ ತೀರಾ ಬಿಸಿಯಾದ ಜಾಗದಲ್ಲಿ ಕೆಡುತ್ತದೆ. ಟರ್ಬೊ ಇರುವ ಇಂಜಿನ್ನಿನಲ್ಲಿ ಇದು ಇನ್ನೂ ಜಾಸ್ತಿ, ಆಯಿಲ್ ಸೀದು ಕಪ್ಪು ಕರಿಯಾಗಿ ಅಂಟಿಕೊಳ್ಳಬಹುದು. ಒಂದು ಸಲಕ್ಕೆ ಏನೂ ಆಗಲಿಕ್ಕಿಲ್ಲ. ದಿನಾ ಹೀಗೇ ಮಾಡಿದರೆ ಸವೆತ ಹೆಚ್ಚುತ್ತದೆ. ಆಟೋ ನಂಬಿ ಬದುಕುವ ಮನೆಗೆ ಇಂಜಿನ್ ಬಿಚ್ಚಿಸುವುದು ಅಂದರೆ ರಿಪೇರಿ ಖರ್ಚೂ ಆಯಿತು, ದುಡಿಮೆಯೂ ನಿಂತಿತು.

ಒಂದು ಲೆಕ್ಕ

ಇಂಜಿನ್ನಿನಲ್ಲಿ 10 ಕೆಜಿ ಅಲ್ಯೂಮಿನಿಯಂ ಇದೆ, ಅದರ ತಾಪ 150 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಬೇಕು ಅಂತಿಟ್ಟುಕೊಳ್ಳೋಣ. ಅಲ್ಯೂಮಿನಿಯಂನ ವಿಶಿಷ್ಟೋಷ್ಣ ಪ್ರತಿ ಕೆಜಿಗೆ, ಪ್ರತಿ ಡಿಗ್ರಿಗೆ ಸುಮಾರು 900 ಜೌಲ್.

ಹೊರಹೋಗಬೇಕಾದ ಉಷ್ಣ = 10 × 900 × 50 = 4,50,000 ಜೌಲ್.

ಇಷ್ಟು ಉಷ್ಣದಲ್ಲಿ 30 ಡಿಗ್ರಿಯ ಒಂದೂವರೆ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು! ಬೇಕಾದರೆ ನೀವೇ ಲೆಕ್ಕ ಮಾಡಿ, ನೀರಿನ ವಿಶಿಷ್ಟೋಷ್ಣ 4,200 ಎಂದು ತೆಗೆದುಕೊಳ್ಳಿ.

ನಮ್ಮ ಬಿಸಿಲೂ ಸೇರಿಕೊಳ್ಳುತ್ತದೆ. ನ್ಯೂಟನ್ನನ ತಣಿಯುವಿಕೆಯ ನಿಯಮದ ಪ್ರಕಾರ ವಸ್ತುವಿಗೂ ಸುತ್ತಲ ಗಾಳಿಗೂ ತಾಪದಲ್ಲಿ ವ್ಯತ್ಯಾಸ ಹೆಚ್ಚಿದ್ದರೆ ತಣಿಯುವ ವೇಗವೂ ಹೆಚ್ಚು. ಇಂಜಿನ್ 200 ಡಿಗ್ರಿ, ಗಾಳಿ 20 ಡಿಗ್ರಿ ಇದ್ದರೆ ವ್ಯತ್ಯಾಸ 180. ಗಾಳಿ 40 ಡಿಗ್ರಿ ಆದರೆ ವ್ಯತ್ಯಾಸ 160. ಅಂದರೆ ತಣಿಯುವ ವೇಗ ಒಂಬತ್ತನೇ ಒಂದು ಭಾಗ ಕಡಿಮೆಯಾಯಿತು.

ಹಾಗಾದರೆ ಸರಿಯಾದ ಕ್ರಮ ಯಾವುದು?

ಇಂಜಿನ್ನನ್ನು ತಣಿಸುವ ಕೆಲಸ ನಿಲ್ಲಿಸಿದ ಮೇಲಲ್ಲ, ನಿಲ್ಲಿಸುವ ಮೊದಲೇ ಆಗಬೇಕು. ಇದೊಂದು ನೆನಪಿದ್ದರೆ ಉಳಿದದ್ದೆಲ್ಲ ತಾನಾಗಿ ಹೊಳೆಯುತ್ತದೆ.

1. ಊರು ಹತ್ತಿರ ಬಂದಾಗ ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಓಡಿಸಬೇಕು. ಪೆಟ್ರೋಲ್ ಕಡಿಮೆ ಉರಿಯುತ್ತದೆ, ಗಾಳಿ ಮಾತ್ರ ಬರುತ್ತಲೇ ಇರುತ್ತದೆ. ಇದು ಎಲ್ಲ ಗಾಡಿಗೂ ಅನ್ವಯ.

2. ಫ್ಯಾನ್ ಇರುವ ಆಟೋ, ಸ್ಕೂಟರ್, ಹಳೆಯ 911 ಇಂಥವನ್ನು ನಿಲ್ಲಿಸಿದ ಮೇಲೆ ಅರ್ಧದಿಂದ ಒಂದು ನಿಮಿಷ ಸುಮ್ಮನೆ ಓಡಲು ಬಿಟ್ಟು ಆಫ್ ಮಾಡಬಹುದು. ಫ್ಯಾನೂ ಆಯಿಲೂ ಕೆಲಸ ಮಾಡುತ್ತಿರುತ್ತವೆ.

3. ಫ್ಯಾನ್ ಇಲ್ಲದ ಬೈಕಿಗೆ ಇದೇ ಉಪಾಯ ನಡೆಯುವುದಿಲ್ಲ. ನಿಂತಲ್ಲೇ ಓಡಿಸಿದರೆ ಗಾಳಿ ಎಲ್ಲಿಂದ ಬರಬೇಕು? ಹೊಸ ಬಿಸಿ ಮಾತ್ರ ಹುಟ್ಟುತ್ತದೆ. ನಿಧಾನವಾಗಿ ಬಂದು, ನೆರಳಲ್ಲಿ ನಿಲ್ಲಿಸಿ, ಆಫ್ ಮಾಡುವುದೇ ಸರಿ.

4. ಆಫ್ ಮಾಡುವ ಮೊದಲು "ರ್ರುಂ" ಅಂತ ಆಕ್ಸಿಲರೇಟರ್ ಕೊಡುವ ಚಾಳಿ ಬೇಡ. ಅದರಿಂದ ಲಾಭವಿಲ್ಲ, ಪೆಟ್ರೋಲ್ ದಂಡ.

ಸಿಗ್ನಲ್ಲಿನಲ್ಲಿ ಇಂಜಿನ್ ಆಫ್ ಮಾಡಿ ಪೆಟ್ರೋಲ್ ಉಳಿಸಿ ಅಂತಾರಲ್ಲ, ಅದು ಸುಳ್ಳಾ? ಅಲ್ಲ. ಊರೊಳಗೆ ಮೆಲ್ಲಗೆ ಓಡಿದ ಗಾಡಿಯನ್ನು ತಕ್ಷಣ ಆಫ್ ಮಾಡಿದರೆ ತೊಂದರೆಯಿಲ್ಲ. ಮೇಲಿನ ಜಾಗ್ರತೆ ಬೇಕಾಗುವುದು ಭಾರ ಹೇರಿ, ಏರು ಹತ್ತಿ, ದೂರ ಜೋರಾಗಿ ಓಡಿಸಿ ಬಂದಾಗ.

ಇವು ಬೇಡವೇ ಬೇಡ

ಬಿಸಿ ಇಂಜಿನ್ನಿಗೆ ತಣ್ಣೀರು ಎರಚಬೇಡಿ. ಒಂದು ಭಾಗ ಥಟ್ಟನೆ ಕುಗ್ಗಿ, ಪಕ್ಕದ ಭಾಗ ಹಿಗ್ಗಿದ ಹಾಗೇ ಇದ್ದರೆ ಲೋಹ ಬಿರುಕು ಬಿಡಬಹುದು. ಬಿಸಿ ಆರುವ ಮೊದಲು ಗಾಡಿಗೆ ಕವರ್ ಹೊದಿಸಬೇಡಿ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಲು ಬಿಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವ ತೆಗೆಯುತ್ತದೆ. ಗಾಡಿ ನಿಂತು ಬಹಳ ಹೊತ್ತಾಗಿದ್ದರೂ ಸೈಲೆನ್ಸರ್ ಮುಟ್ಟಬೇಡಿ.

ಮಾಡಿ ನೋಡಿ (ಶಿಕ್ಷಕರ ಎದುರಿನಲ್ಲೇ)

ದಪ್ಪ ಕಬ್ಬಿಣದ ಸರಳಿಗೆ ಎರಡೆರಡು ಸೆಂಟಿಮೀಟರ್ ಅಂತರದಲ್ಲಿ ಮೇಣದಿಂದ ಗುಂಡುಪಿನ್ನುಗಳನ್ನು ಅಂಟಿಸಿ. ಒಂದು ತುದಿಯನ್ನು ಕಾಯಿಸಿ. ಎರಡನೇ ಪಿನ್ನು ಬಿದ್ದ ಕೂಡಲೇ ಬೆಂಕಿ ತೆಗೆಯಿರಿ. ಆಮೇಲೂ ಪಿನ್ನು ಬೀಳುತ್ತಾ? ಎಷ್ಟು? ಮತ್ತೊಮ್ಮೆ ಮಾಡುವಾಗ, ಬೆಂಕಿ ತೆಗೆದ ಕೂಡಲೇ ಸರಳಿಗೆ ಬೀಸಣಿಗೆಯಿಂದ ಗಾಳಿ ಹಾಕಿ. ಎರಡನ್ನೂ ಹೋಲಿಸಿ ಬರೆಯಿರಿ.

ಯೋಚಿಸಿ, ಉತ್ತರಿಸಿ

1. ಫಿನ್ನುಗಳ ನಡುವೆ ಕೆಸರು ತುಂಬಿಕೊಂಡರೆ ಇಂಜಿನ್ ಯಾಕೆ ಬೇಗ ಬಿಸಿಯಾಗುತ್ತದೆ?

2. ಕೆಲವು ಕಾರುಗಳಲ್ಲಿ ಇಂಜಿನ್ ನಿಂತ ಮೇಲೂ ರೇಡಿಯೇಟರ್ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತದೆ. ಆಟೋ ಫ್ಯಾನಿಗೆ ಅದು ಯಾಕೆ ಸಾಧ್ಯವಿಲ್ಲ?

3. ನಿಮ್ಮೂರಿನ ಒಬ್ಬ ಆಟೋ ಡ್ರೈವರಣ್ಣನನ್ನು ಕೇಳಿ: ದೂರದ ಬಾಡಿಗೆ ಮುಗಿಸಿ ಬಂದಾಗ ಇಂಜಿನ್ ಹೇಗೆ ನಿಲ್ಲಿಸುತ್ತಾರೆ? ಅವರು ಹೇಳಿದ್ದಕ್ಕೆ ಈ ಪಾಠದಲ್ಲಿ ಕಾರಣ ಹುಡುಕಿ. ಕಾರಣ ಸಿಗದಿದ್ದರೆ ಆ ಪ್ರಶ್ನೆಯನ್ನು ತರಗತಿಗೆ ತನ್ನಿ.