ಎಸ್.ಎಸ್.ಎಲ್.ಸಿ. ನಂತರ ರೈತರ ಮಕ್ಕಳ ಓದು

ತೊಗರಿ ಬಿತ್ತುವ ಮುನ್ನ ಅನುಭವಿ ರೈತರು ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಎಷ್ಟು ಮೊಳೆತವು ಎಂದು ನೋಡುತ್ತಾರೆ. ಒಂದು ಹಂಗಾಮಿನ ಬೆಳೆಗೆ ಇಷ್ಟು ಎಚ್ಚರ. ಆದರೆ ಅದೇ ಮನೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಮಗನೋ ಮಗಳೋ ಮುಂದೆ ಏನು ಓದಬೇಕೆಂಬ ವಿಚಾರ ಒಂದೆರಡು ದಿನಗಳಲ್ಲಿ, ಬಹುಮಟ್ಟಿಗೆ ನೆರೆಮನೆಯವರ ಮಕ್ಕಳು ಯಾವ ಕಾಲೇಜಿಗೆ ಸೇರಿದರೆಂಬುದನ್ನು ನೋಡಿ ತೀರ್ಮಾನವಾಗುವುದುಂಟು. ಫಲಿತಾಂಶ ಬರುವ ಕಾಲವೂ ಹೊಲ ಹದಮಾಡಿ ಬೀಜ ಗೊಬ್ಬರ ಹೊಂದಿಸುವ ಕಾಲವೂ ಹೆಚ್ಚುಕಡಿಮೆ ಒಂದೇ ಆಗಿರುವುದು ಇದಕ್ಕೆ ಒಂದು ಕಾರಣ.

ಆಳಂದ ತಾಲ್ಲೂಕಿನ ಸರಸಂಬಾದಂತಹ ಊರುಗಳ ಬೇಸಾಯ ಮಳೆಯನ್ನೇ ನಂಬಿದ್ದು. ಎರೆ ಭೂಮಿಯಲ್ಲಿ ಮುಂಗಾರಿಗೆ ತೊಗರಿ, ಹೆಸರು, ಉದ್ದು. ಹಿಂಗಾರಿಗೆ ಜೋಳ, ಕಡಲೆ. ಇಂತಹ ಊರಿನ, ಐದು ಎಕರೆ ಒಣಬೇಸಾಯದ ಕುಟುಂಬದ ಒಬ್ಬ ವಿದ್ಯಾರ್ಥಿನಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅವಳು ಕನ್ನಡ ಮಾಧ್ಯಮದಲ್ಲಿ ಓದಿದವಳು. ವಿಜ್ಞಾನದಲ್ಲಿ ಒಳ್ಳೆಯ ಅಂಕ, ಗಣಿತದಲ್ಲಿ ಸಾಧಾರಣ. ಅವಳ ಮುಂದಿನ ಓದಿನ ಬಗ್ಗೆ ಮನೆಯಲ್ಲಿ ಮೂರು ಅಭಿಪ್ರಾಯಗಳಿರುತ್ತವೆ. ಹೆಣ್ಣುಮಗಳಿಗೆ ಕಲಾ ವಿಭಾಗ ಸಾಕು ಎಂಬುದು ಒಂದು. ಸಾಲ ಮಾಡಿಯಾದರೂ ಇಂಜಿನಿಯರಿಂಗ್ ಓದಿಸಬೇಕೆಂಬುದು ಇನ್ನೊಂದು. "ನಮ್ಮ ಹಾಂಗ ಮಣ್ಣಾಗ ದುಡಿಯೋದು ಬ್ಯಾಡ" ಎಂಬುದು ಹಿರಿಯರ ಮಾತು. ಈ ಮೂರರಲ್ಲಿಯೂ ಹುಡುಗಿಯನ್ನು ಕೇಳಿದ ಮಾತಿಲ್ಲ.

ಹೊಲದಲ್ಲಿ ಆರಂಭವಾದ ಪಾಠ

2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ವ್ಯಾಪಕವಾಗಿ ತಗಲಿದ್ದು ರೈತರೆಲ್ಲರಿಗೂ ನೆನಪಿದೆ. ಹೂ, ಕಾಯಿ ಕಟ್ಟುವ ಹಂತದಲ್ಲಿ ಗಿಡಗಳು ನಿಂತಲ್ಲೇ ಒಣಗಿದವು. ಅಂತಹ ಗಿಡದ ಕಾಂಡವನ್ನು ಸೀಳಿ ನೋಡಿದರೆ ಒಳಗೆ ಕಂದು ಕಪ್ಪು ಗೆರೆಗಳು ಕಾಣುತ್ತವೆ. ಮಣ್ಣಿನಲ್ಲಿರುವ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಬೇರಿನ ಮೂಲಕ ಒಳಹೊಕ್ಕು ನೀರು ಸಾಗುವ ನಾಳಗಳನ್ನು ಕಟ್ಟಿಹಾಕುವುದರಿಂದ ಭೂಮಿಯಲ್ಲಿ ತೇವವಿದ್ದರೂ ಗಿಡ ಬಾಡುತ್ತದೆ. ಹಿಂದಿನ ಬೆಳೆಯ ಕೂಳೆಗಳಲ್ಲಿ ಈ ಶಿಲೀಂಧ್ರ ವರ್ಷಗಟ್ಟಲೆ ಉಳಿಯುತ್ತದೆ. ವರ್ಷವೂ ತೊಗರಿಯನ್ನೇ ಬಿತ್ತದೆ ನಡುವೆ ಜೋಳ ತೆಗೆದರೆ ಇದರ ಹಾವಳಿ ತಗ್ಗುತ್ತದೆ.

ಇಂತಹ ಕಾಂಡವನ್ನು ಸೀಳಿ ನೋಡಿ "ಇದು ಯಾಕ ಹಿಂಗಾತು?" ಎಂದು ಕೇಳಿದ ಹುಡುಗಿ ಸಸ್ಯರೋಗ ಶಾಸ್ತ್ರದ ಮೊದಲ ಪ್ರಶ್ನೆಯನ್ನು ಕೇಳಿದಂತಾಯಿತು. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ನೆಟೆ ನಿರೋಧಕ ತಳಿಯನ್ನು ಆರಿಸಿ, ಅದನ್ನು 1980ರ ದಶಕದಲ್ಲಿ 'ಮಾರುತಿ' ಎಂಬ ಹೆಸರಿನಿಂದ ಈ ಭಾಗದ ರೈತರಿಗೆ ತಲುಪಿಸಿದವರು, ಮುಂದೆ ಕಲಬುರಗಿ ಸಂಶೋಧನಾ ಕೇಂದ್ರದಲ್ಲಿ ಟಿಎಸ್-3ಆರ್, ಜಿಆರ್‌ಜಿ-811 ತಳಿಗಳನ್ನು ಬೆಳೆಸಿದವರು ಇದೇ ಪ್ರಶ್ನೆಯ ಬೆನ್ನು ಹತ್ತಿದವರು. ಇವರದೂ ಮಣ್ಣಿನ ಕೆಲಸವೇ. ಮಕ್ಕಳು ಮಣ್ಣಿನಲ್ಲಿ ದುಡಿಯಬಾರದೆನ್ನುವ ಹಿರಿಯರಿಗೆ ಇದನ್ನು ತಿಳಿಸಿಕೊಡುವುದು ವಿಸ್ತರಣಾ ಕಾರ್ಯಕರ್ತರ ಕೆಲಸ.

ಮೊದಲ ಕವಲು

ಕೃಷಿ ಪದವಿಯ ದಾರಿ ಕವಲೊಡೆಯುವುದು ದ್ವಿತೀಯ ಪಿಯುಸಿ ನಂತರ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಅದು ಕವಲೊಡೆಯುವುದು ಎಸ್.ಎಸ್.ಎಲ್.ಸಿ. ಆದ ಕೂಡಲೇ. ಕಲಾ ಅಥವಾ ವಾಣಿಜ್ಯ ವಿಭಾಗ ಸೇರಿದವರಿಗೆ ಬಿ.ಎಸ್ಸಿ. ಕೃಷಿ ಪದವಿಗೆ ಪ್ರವೇಶವಿಲ್ಲ. ಪಿಯುಸಿಯಲ್ಲಿ ವಿಜ್ಞಾನವನ್ನೇ ಓದಿರಬೇಕು. ವಿಜ್ಞಾನದಲ್ಲಿಯೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕೂ ಇರುವ ಸಂಯೋಜನೆಯನ್ನು ತೆಗೆದುಕೊಳ್ಳುವುದು ಕ್ಷೇಮ. ಜೀವಶಾಸ್ತ್ರ ಬಿಟ್ಟವರಿಗೆ ಪಶುವೈದ್ಯಕೀಯ ತಪ್ಪುತ್ತದೆ. ಗಣಿತ ಬಿಟ್ಟವರಿಗೆ ಕೃಷಿ ಇಂಜಿನಿಯರಿಂಗ್ ತಪ್ಪುತ್ತದೆ.

ಇಲ್ಲಿ ಒಂದು ತೊಡಕನ್ನು ಮುಚ್ಚಿಡಬಾರದು. ಪಿಯುಸಿ ವಿಜ್ಞಾನದ ಪಾಠ ಬಹುತೇಕ ಇಂಗ್ಲಿಷಿನಲ್ಲಿ ನಡೆಯುತ್ತದೆ. ಕನ್ನಡದಲ್ಲಿ ಚೆನ್ನಾಗಿ ತಿಳಿದುಕೊಂಡು ಬಂದ ಮಗುವಿಗೆ ಮೊದಲ ಆರು ತಿಂಗಳು ಪಾಠವೇ ತಲೆಗೆ ಹತ್ತುವುದಿಲ್ಲ. ಹೀಗೆ ಹಿಂದೆ ಬಿದ್ದ ಹುಡುಗರು ಹೊಲಕ್ಕೋ ಪುಣೆ, ಸೊಲ್ಲಾಪುರಗಳಿಗೋ ಹೋಗುತ್ತಾರೆ. ಹುಡುಗಿಯರ ಮದುವೆಯ ಮಾತು ಏಳುತ್ತದೆ. ಆದುದರಿಂದ ಫಲಿತಾಂಶಕ್ಕೂ ಕಾಲೇಜು ಆರಂಭಕ್ಕೂ ನಡುವಿನ ವಾರಗಳನ್ನು ವ್ಯರ್ಥ ಮಾಡಬಾರದು. ಪ್ರೌಢಶಾಲೆಯ ವಿಜ್ಞಾನ ಪಾಠಗಳ ಪಾರಿಭಾಷಿಕ ಪದಗಳನ್ನು ಕನ್ನಡ, ಇಂಗ್ಲಿಷ್ ಎರಡರಲ್ಲಿಯೂ ಒಂದು ನೋಟುಪುಸ್ತಕದಲ್ಲಿ ಬರೆದು ರೂಢಿಸಿಕೊಂಡರೂ ಅರ್ಧ ಭಯ ಹೋಗುತ್ತದೆ. ಗಣಿತಕ್ಕೆ ಮಾತ್ರ ಯಾರಾದರೂ ಕುಳಿತು ಹೇಳಿಕೊಡಲೇಬೇಕು.

ಪದವಿ ಓದಿನ ಸ್ವರೂಪ

ಬಿ.ಎಸ್ಸಿ. ಕೃಷಿ ನಾಲ್ಕು ವರ್ಷಗಳ ಓದು. ಪಿಯುಸಿ ಸೇರಿ ಆರು ವರ್ಷ. ಬೇಸಾಯ ಶಾಸ್ತ್ರ, ಮಣ್ಣು ವಿಜ್ಞಾನ, ಕೀಟ ಶಾಸ್ತ್ರ, ಸಸ್ಯರೋಗ, ತಳಿ ಅಭಿವೃದ್ಧಿ, ಕೃಷಿ ಅರ್ಥಶಾಸ್ತ್ರ, ವಿಸ್ತರಣೆ ಮುಂತಾದ ವಿಷಯಗಳಿರುತ್ತವೆ. ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ತಂಗಿ ರೈತರೊಡನೆ ಕೆಲಸ ಮಾಡಬೇಕು. ಹಾಗೆ ಬಂದವರು ಹತ್ತಿರದ ಊರಿನಲ್ಲಿದ್ದರೆ ಹತ್ತನೆಯ ತರಗತಿಯ ಮಕ್ಕಳನ್ನು ಅವರ ಬಳಿ ಒಂದು ಸಂಜೆ ಕಳುಹಿಸಬೇಕು. ಕಾಲೇಜಿನ ಕಷ್ಟಸುಖ ಅವರ ಬಾಯಿಂದ ಬಂದಷ್ಟು ನೇರವಾಗಿ ಯಾವ ಮಾಹಿತಿ ಪುಸ್ತಕದಿಂದಲೂ ಬಾರದು.

ಕಲಬುರಗಿ ಭಾಗದವರು ಈ ಓದಿಗಾಗಿ ಒಂದು ಕಾಲದಲ್ಲಿ ಬೆಂಗಳೂರು, ಧಾರವಾಡಗಳಿಗೇ ಹೋಗಬೇಕಿತ್ತು. 1980ರ ದಶಕದಲ್ಲಿ ರಾಯಚೂರಿನಲ್ಲಿ ಕೃಷಿ ಕಾಲೇಜು, ಕೃಷಿ ಇಂಜಿನಿಯರಿಂಗ್ ಕಾಲೇಜು ಆದವು. 2008ರಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾನಿಲಯವೇ ಪ್ರತ್ಯೇಕವಾಯಿತು. ಅದರ ಕಾಲೇಜುಗಳು ಈಗ ಕಲಬುರಗಿಯಲ್ಲಿಯೂ ಭೀಮರಾಯನಗುಡಿಯಲ್ಲಿಯೂ ಇವೆ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾನಿಲಯವಿದೆ. ಪಶುವೈದ್ಯ ಪದವಿಗೆ ಐದೂವರೆ ವರ್ಷ ಬೇಕು. ಇದೇ ವಿಶ್ವವಿದ್ಯಾನಿಲಯದ ಹೈನು ವಿಜ್ಞಾನ ಕಾಲೇಜು ಮಹಾಗಾಂವ್ ಕ್ರಾಸಿನಲ್ಲಿದೆ. ಎಮ್ಮೆ ಕಟ್ಟಿದ ಮನೆಗಳವರೂ ಈ ಓದನ್ನು ವಿಚಾರಿಸದಿರುವುದು ಆಶ್ಚರ್ಯ. ಕೃಷಿಯೇ ಬೇಡವೆನ್ನುವ ಮಕ್ಕಳಿಗೆ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾನಿಲಯವಿದೆ. ಅಲ್ಲಿಗೆ ಅಖಿಲ ಭಾರತ ಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕೆಂಬುದು ತಿಳಿಯದೆ, ಬಸ್ಸಿನಿಂದ ಅದರ ಕಟ್ಟಡಗಳನ್ನು ನೋಡಿಯೇ ಮುಂದೆ ಹೋಗುವ ವಿದ್ಯಾರ್ಥಿಗಳು ಅನೇಕ.

ಪದವಿ ಪಡೆದವರೆಲ್ಲರಿಗೂ ಸರ್ಕಾರಿ ಕೆಲಸ ಸಿಗುವುದೆಂದು ತಿಳಿಯಬಾರದು. ಕೃಷಿ ಇಲಾಖೆಯ ಹುದ್ದೆಗಳಿಗೆ ಸ್ಪರ್ಧೆ ಬಲವಾಗಿದೆ, ಭರ್ತಿಯೂ ವರ್ಷವರ್ಷ ಆಗುವುದಿಲ್ಲ. ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆ, ಬೀಜ ಕಂಪನಿಗಳು, ರೈತ ಉತ್ಪಾದಕರ ಸಂಸ್ಥೆಗಳು, ಗೊಬ್ಬರ ಹಾಗೂ ಕೀಟನಾಶಕಗಳ ಮಾರಾಟ, ಇವೂ ಇವೆ.

ಡಿಪ್ಲೊಮಾ ಕೀಳಲ್ಲ

ಆರು ವರ್ಷದ ಭಾರ ಹೊರಲಾರದ ಮನೆಗಳಿಗೆ, ಇಂಗ್ಲಿಷಿಗೆ ಹೆದರುವ ಮಕ್ಕಳಿಗೆ ಕೃಷಿ ಡಿಪ್ಲೊಮಾ ಇದೆ. ಕೃಷಿ ವಿಶ್ವವಿದ್ಯಾನಿಲಯಗಳೇ ನಡೆಸುವ ಎರಡು ವರ್ಷಗಳ ಈ ಶಿಕ್ಷಣಕ್ಕೆ ಎಸ್.ಎಸ್.ಎಲ್.ಸಿ. ಆದವರನ್ನು ತೆಗೆದುಕೊಳ್ಳುತ್ತಾರೆ. ಪಾಠ ಕನ್ನಡದಲ್ಲಿ. ಪದವಿಗೆ ಸೀಟು ಸಿಗದವರ ಓದೆಂದು ಇದನ್ನು ಹಗುರವಾಗಿ ಕಾಣುವ ರೂಢಿ ಇದೆ. ತಂದೆಯ ಐದು ಎಕರೆಗೇ ಮರಳಿ ಬರಬೇಕೆಂದಿರುವ ಮಗನಿಗೆ ಇದಕ್ಕಿಂತ ಒಳ್ಳೆಯ ಎರಡು ವರ್ಷ ಬೇರೆಡೆ ದೊರೆಯುವುದು ಕಷ್ಟ. ಆದರೆ ಮೇಲೆ ಹೇಳಿದ ವಿದ್ಯಾರ್ಥಿನಿಗೆ ವಿಜ್ಞಾನದಲ್ಲಿ ಅಷ್ಟು ಆಸಕ್ತಿಯಿರುವಾಗ, ಗಣಿತಕ್ಕೆ ನೆರವು ಸಿಗುವುದಾದರೆ, ಆಳಂದದಲ್ಲೋ ಕಲಬುರಗಿಯಲ್ಲೋ ಹಾಸ್ಟೆಲ್ ಹಿಡಿದು ಪಿಯುಸಿ ವಿಜ್ಞಾನಕ್ಕೆ ಸೇರಿಸುವುದೇ ಸರಿ. ನೆರವು ಸಿಗದಿದ್ದರೆ ಡಿಪ್ಲೊಮಾ. ಹೊಲ ಮಾರಿ ಇಂಜಿನಿಯರಿಂಗ್ ಓದಿಸುವ ಯೋಚನೆಯನ್ನಂತೂ ಕೈಬಿಡಬೇಕು.

ಹೊಲದ ಅರಿವಿಗೆ ಅಂಕ

ಕೃಷಿ ಪದವಿಯ ಸೀಟುಗಳಲ್ಲಿ ರೈತರ ಮಕ್ಕಳಿಗೆಂದೇ ಒಂದು ಪಾಲಿದೆ. 2021ರಲ್ಲಿ ರಾಜ್ಯ ಸರ್ಕಾರ ಇದನ್ನು ನೂರಕ್ಕೆ 40ರಿಂದ 50ಕ್ಕೆ ಏರಿಸಿತು. ಈ ಪಾಲಿನಲ್ಲಿ ಸೀಟು ಬಯಸುವವರು ಸಿಇಟಿಯ ಜೊತೆಗೆ ಪ್ರಾಯೋಗಿಕ ಪರೀಕ್ಷೆಯನ್ನೂ ಕೊಡಬೇಕು. ಬೀಜ, ಗಿಡ, ಗೊಬ್ಬರ, ಉಪಕರಣ ಮೊದಲಾದವುಗಳನ್ನು ಗುರುತಿಸುವ ಪರೀಕ್ಷೆ ಅದು. ಕೂರಿಗೆಯನ್ನೂ ಎಡೆಕುಂಟೆಯನ್ನೂ ಕಣ್ಣಾರೆ ಕಂಡು, ಹೆಸರು ಯಾವುದು ಉದ್ದು ಯಾವುದು ಎಂದು ಕೈಯಲ್ಲಿ ಹಿಡಿದು ಹೇಳಬಲ್ಲ ಮಗುವಿಗೆ ಪೇಟೆಯ ಟ್ಯೂಷನ್ ಮಕ್ಕಳ ಮುಂದೆ ಇದೊಂದು ಅನುಕೂಲ. ಓದಿಗೆ ಅಡ್ಡಿಯೆಂದು ಮಕ್ಕಳನ್ನು ಹೊಲಕ್ಕೆ ಬಿಡದಿರುವವರು ಇದನ್ನು ಗಮನಿಸಬೇಕು.

ಇದಲ್ಲದೆ ಸಂವಿಧಾನದ 371ಜೆ ವಿಧಿಯಂತೆ ಕಲ್ಯಾಣ ಕರ್ನಾಟಕ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟುಗಳು ಸ್ಥಳೀಯರಿಗೆ ಮೀಸಲು. ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8. ಇದಕ್ಕೆ ಸಹಾಯಕ ಆಯುಕ್ತರ ಅರ್ಹತಾ ಪ್ರಮಾಣಪತ್ರ ಬೇಕು.

ಈ ಕಾಗದಪತ್ರಗಳ ವಿಷಯದಲ್ಲಿಯೇ ಕೈಗೆ ಬಂದ ಸೀಟು ತಪ್ಪುವುದು ಹೆಚ್ಚು. ಅನೇಕ ಮನೆಗಳಲ್ಲಿ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಇರುತ್ತದೆ. ತಂದೆಯ ಹೆಸರಿನಲ್ಲಿ ಭೂಮಿ ಇಲ್ಲದೆ ಕೃಷಿಕರೆಂಬ ಪ್ರಮಾಣಪತ್ರ ಕೇಳಿದರೆ ವಂಶಾವಳಿ, ಪೌತಿ ಖಾತೆ ಎಂದು ಅಲೆದಾಟ ಆರಂಭವಾಗುತ್ತದೆ. ಅಣ್ಣತಮ್ಮಂದಿರ ಸಹಿ ಬೇಕಾಗುತ್ತದೆ, ಒಬ್ಬರು ಪುಣೆಯಲ್ಲಿರುತ್ತಾರೆ. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ಮುಗಿದಿರುತ್ತದೆ. ಮಗು ಪ್ರಥಮ ಪಿಯುಸಿಗೆ ಸೇರಿದ ವರ್ಷವೇ, ತೊಗರಿ ರಾಶಿ ಮುಗಿದು ಕೈ ಬಿಡುವಾದಾಗ, ನಾಡಕಚೇರಿಗೆ ಹೋಗಿ ಪಹಣಿಯಲ್ಲಿ ಯಾರ ಹೆಸರಿದೆ ಎಂದು ನೋಡಬೇಕು. ಶಾಲೆಯ ದಾಖಲೆ, ಆಧಾರ್, ಪಹಣಿ ಮೂರರಲ್ಲಿಯೂ ತಂದೆಯ ಹೆಸರು ಒಂದೇ ರೀತಿ ಬರೆದಿದೆಯೇ ಎಂಬುದನ್ನೂ ಅಂದೇ ತಾಳೆ ಹಾಕಿಕೊಳ್ಳಬೇಕು.