ಗೆದ್ದವರ ಹೆಸರಿಲ್ಲದ ಸ್ಪರ್ಧೆ

ಪ್ರಶ್ನೆ: ನಾನು ಬಿ.ಕಾಂ. ಮುಗಿಸಿ ಚಿಕ್ಕಬಳ್ಳಾಪುರದ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಅಂಗಡಿಯ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ವಾಟ್ಸ್‌ಆ್ಯಪ್ ನೋಡಿಕೊಳ್ಳುವುದೂ ನಾನೇ. ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶ ಅಲಂಕಾರದ ಫೋಟೊ ಸ್ಪರ್ಧೆ ಇಟ್ಟೆವು. ಗೆದ್ದವರು ಯಾರೆಂದು ಕೊನೆಗೂ ಹೇಳಲಿಲ್ಲ. ನಮ್ಮ ಬೀದಿಯ ಹೆಂಗಸರು ‘ಏನಮ್ಮ, ಸೀರೆ ಯಾರಿಗೆ ಬಂತು?’ ಎಂದು ಇಂದಿಗೂ ಕೇಳುತ್ತಾರೆ. ಈ ಸಲ ಮಾಲೀಕರು, ‘ಸಾವಿರಾರು ಜನ ಸೇರಿದ್ದಾರೆ, ಇನ್ನು ಎರಡೇ ಗಂಟೆ ಅಂತ ಹಾಕು, ಎಲ್ಲರ ಕೈಲೂ ಶೇರ್ ಮಾಡಿಸು’ ಅನ್ನುತ್ತಿದ್ದಾರೆ. ಸುಳ್ಳು ಬರೆಯಲು ಮನಸ್ಸಿಲ್ಲ. ನಿಜ ಬರೆದರೆ ಯಾರೂ ಬರುವುದಿಲ್ಲವಂತೆ. ಏನು ಮಾಡಲಿ?
– ಹೆಸರು ಬೇಡ, ಶಿಡ್ಲಘಟ್ಟ

ಉತ್ತರ: ನೋಡಮ್ಮ, ನಿಮ್ಮ ಅಳುಕು ನ್ಯಾಯವಾದದ್ದೇ. ನಿಜ ಬರೆದರೆ ಜನ ಬರುವುದಿಲ್ಲ ಎಂಬುದನ್ನು ಮಾತ್ರ ನಂಬಬೇಡಿ.

ನಿಮ್ಮ ಗಿರಾಕಿಗಳು ಯಾರು? ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಮನೆಯ ಹೆಂಗಸು ಸೀರೆಯ ಅಂಚಿನ ಎಳೆಯನ್ನು ಬೆರಳಲ್ಲಿ ಹೊಸೆದೇ ರೇಷ್ಮೆ ಹೌದೋ ಅಲ್ಲವೋ ಹೇಳಿಬಿಡುತ್ತಾಳೆ. ಆಕೆಯ ಮುಂದೆ ‘ಅಪ್ಪಟ ರೇಷ್ಮೆ, ಮೆಗಾ ಧಮಾಕಾ’ ನಡೆಯುವುದಿಲ್ಲ. ಸೀರೆಗೆ ಸಿಲ್ಕ್ ಮಾರ್ಕ್ ಚೀಟಿ ಇದ್ದರೆ ಅದರ ಫೋಟೊ ಹಾಕಿ, ಅಷ್ಟು ಸಾಕು. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಎಲ್ಲರ ಕಣ್ಣೆದುರು ಆಗುವುದನ್ನು ಕಂಡ ಊರು ಅದು. ಸ್ಪರ್ಧೆಯ ಫಲಿತಾಂಶವೂ ಹಾಗೇ ಆಗಲಿ ಎಂದು ಜನ ಬಯಸಿದರೆ ತಪ್ಪೇನು?

ಕಾನೂನೂ ನಿಮ್ಮ ಕಡೆಗಿದೆ. ಬಹುಮಾನದ ಯೋಜನೆ ಮುಗಿದ ಮೇಲೆ ಫಲಿತಾಂಶ ತಿಳಿಸದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಕೊಡುವ ಉದ್ದೇಶವಿಲ್ಲದೆ ಬಹುಮಾನ ಸಾರುವುದೂ ಅಷ್ಟೇ. ವ್ಯಾಪಾರ ಹೆಚ್ಚಿಸಲು ನಡೆಸುವ ಲಾಟರಿ, ಸ್ಪರ್ಧೆಗಳ ಮೇಲೂ ಅದೇ ಕಾಯ್ದೆಯ ಕಣ್ಣಿದೆ. ಹಾಗಾಗಿ ಪ್ರಕಟಿಸುವ ಮುಂಚೆ ನಿಯಮಗಳನ್ನು ಒಬ್ಬ ವಕೀಲರಿಗೆ ತೋರಿಸಿ. ‘ಇನ್ನು ಎರಡೇ ಗಂಟೆ’ ಎಂಬಂಥ ಸುಳ್ಳು ಅವಸರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನ ಮಾರ್ಗಸೂಚಿಯಲ್ಲೇ ನಿಷೇಧಿಸಿದೆ. ಟೈಮ್‌ಲೈನ್‌ನಲ್ಲಿ ಶೇರ್ ಮಾಡಿದವರಿಗಷ್ಟೇ ಪ್ರವೇಶ ಎಂಬ ಷರತ್ತನ್ನು ಫೇಸ್‌ಬುಕ್ ಕೂಡ ಒಪ್ಪುವುದಿಲ್ಲ.

ಈಗ ಬರಹಕ್ಕೆ ಬರೋಣ. ‘ಬಂಪರ್ ಆಫರ್! ಶೇರ್ ಮಾಡಿ, ಗೆಲ್ಲಿ!’ ಎಂದರೆ ಜನ ಓದದೇ ಮೇಲಕ್ಕೆ ತಳ್ಳುತ್ತಾರೆ. ಹೀಗೆ ಬರೆದು ನೋಡಿ:

‘ನಿಮ್ಮ ಮನೆಯ ಲಕ್ಷ್ಮಿಗೆ ಸೀರೆ ಉಡಿಸಿದ್ದು ಯಾರು? ಅಜ್ಜಿಯಾ, ಸೊಸೆಯಾ? ಕಳಶದ ಫೋಟೊ ಕಳಿಸಿ. ನೆರಿಗೆ ಅಚ್ಚುಕಟ್ಟಾಗಿರುವ 3 ಅಲಂಕಾರಗಳಿಗೆ ಒಂದೊಂದು ರೇಷ್ಮೆ ಸೀರೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕಿನವರಿಗೆ ಮಾತ್ರ. ಏನೂ ಕೊಳ್ಳಬೇಕಿಲ್ಲ. ಹಬ್ಬದ ಮರುದಿನ ರಾತ್ರಿ 8ರೊಳಗೆ ಕಳಿಸಿ. ಮುಂದಿನ ಶುಕ್ರವಾರ ಗೆದ್ದವರ ಹೆಸರು ಇಲ್ಲೂ ಬರುತ್ತೆ, ಅಂಗಡಿ ಬಾಗಿಲಲ್ಲೂ ಇರುತ್ತೆ.’

ಮೊದಲ ಪ್ರಶ್ನೆ ಓದಿದ ಕೂಡಲೇ ಮನೆಯವರ ಮುಖ ಕಣ್ಮುಂದೆ ಬರುತ್ತದೆ. ನಾಲ್ಕೇ ತಾಲ್ಲೂಕು ಎಂದಾಗ ‘ನನಗೂ ಬಂದೀತು’ ಅನ್ನಿಸುತ್ತದೆ. ಗಡುವು ನಿಜವಾದ್ದರಿಂದ ಅವಸರವೂ ನಿಜ. ಯಾರೂ ಹೇಳದಿದ್ದರೂ ಅಕ್ಕತಂಗಿಯರಿಗೆ ಕಳಿಸುತ್ತಾರೆ.

ಕೊನೆಗೆ ಒಂದು ಸಾಲು ಸೇರಿಸಿ: ‘ಗೆದ್ದವರಿಂದ ಹಣ ಕೇಳುವುದಿಲ್ಲ, ಒಟಿಪಿಯನ್ನೂ ಕೇಳುವುದಿಲ್ಲ.’ ಟಿ.ವಿ.ಯ ‘ಕೌನ್ ಬನೇಗಾ ಕರೋಡ್‌ಪತಿ’ (ಕೆಬಿಸಿ) ಹೆಸರಿನಲ್ಲಿ ‘25 ಲಕ್ಷ ಲಾಟರಿ ಹೊಡೆದಿದೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ನಂಬಿಸಿ ‘ತೆರಿಗೆ ಕಟ್ಟಿ’ ಎಂದು ಹಣ ಕಿತ್ತವರಿದ್ದಾರೆ. ನಿಮ್ಮ ಅಂಗಡಿಯ ಹೆಸರಲ್ಲೂ ಯಾರೋ ಹಾಗೆ ಮಾಡಬಹುದು. ಮೋಸ ಹೋದವರು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂದೂ ತಿಳಿಸಿ.

ಮಾಲೀಕರ ಹತ್ತಿರ ಪಾಪ–ಪುಣ್ಯದ ಮಾತು ತೆಗೆಯಬೇಡಿ. ‘ಅಣ್ಣ, ಹೋದ ವರ್ಷದ ಫಲಿತಾಂಶ ಮೊದಲು ಹಾಕೋಣ, ಸೀರೆ ಕೊಟ್ಟು ಫೋಟೊ ತೆಗೆಯೋಣ. ಅದೇ ಈ ವರ್ಷದ ಜಾಹೀರಾತು’ ಎನ್ನಿ. ವ್ಯಾಪಾರದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಸ್ಪರ್ಧೆಯ ರಗಳೆಯೇ ಬೇಡವೆಂದರೆ, ಸೀರೆ ಕೊಂಡ ಎಲ್ಲರಿಗೂ ರವಿಕೆ ಕಣ ಉಚಿತವೆಂದು ಹಾಕಿ, ಎಲ್ಲರಿಗೂ ಕೊಡಲಿ. ಅದಕ್ಕೂ ಒಪ್ಪದೆ ಸುಳ್ಳನ್ನೇ ಹಾಕು ಎಂದರೆ, ‘ಇದನ್ನು ನಾನು ಬರೆಯಲಾರೆ’ ಎಂದು ನೇರವಾಗಿ ಹೇಳಿ. ಅಷ್ಟಕ್ಕೇ ಕೆಲಸದಿಂದ ತೆಗೆಯುವವರ ಬಳಿ ನೀವು ಹೆಚ್ಚು ದಿನ ಇರುವುದೂ ಬೇಡ.