ಬಿಸಿಲಿನಿಂದ ಟಾರ್ಚ್ ಚಾರ್ಜ್

ಟಾರ್ಚಿನ ಸೆಲ್ಲನ್ನು ಬಿಸಿಲಿನಿಂದಲೂ ಚಾರ್ಜ್ ಮಾಡಬಹುದು. ಹೇಗೆ ಗೊತ್ತೇ?

ಒಂದು ಸೌರಕೋಶದ ಮೇಲೆ ಬಿಸಿಲು ಬಿದ್ದರೆ ಸುಮಾರು ಅರ್ಧ ವೋಲ್ಟ್ ಬರುತ್ತದೆ. ಅಷ್ಟು ಸಾಲದು. ಚಾರ್ಜ್ ಆಗುವ ಎರಡು ನಿಕಲ್ ಸೆಲ್ ಸೇರಿದರೆ 2.4 ವೋಲ್ಟ್. ಅವನ್ನು ತುಂಬಿಸಲು ಅದಕ್ಕಿಂತ ಹೆಚ್ಚು ಬೇಕು. ಅದಕ್ಕೇ 8 ಕೋಶ ಸಾಲಾಗಿ ಜೋಡಿಸಿದರೆ 4 ವೋಲ್ಟ್ ಸಿಗುತ್ತದೆ. ರಾತ್ರಿ ಕರೆಂಟು ಹಿಂದಕ್ಕೆ ಹರಿಯದಂತೆ ಡಯೋಡ್ ತಡೆಯುತ್ತದೆ.

ಒಂದು ಕೋಶಕ್ಕೆ ನೆರಳು ಬಿದ್ದರೂ ಕರೆಂಟು ಇಳಿಯುತ್ತದೆ. ಧೂಳು ಒರೆಸಿ. ಫಲಕ ಬಿಸಿಲಲ್ಲಿರಲಿ, ಸೆಲ್ಲು ನೆರಳಲ್ಲಿರಲಿ.

ಎಚ್ಚರ! ಸಾದಾ ಸೆಲ್ಲನ್ನು ಚಾರ್ಜಿಗೆ ಹಾಕಬೇಡಿ. ಸೋರಬಹುದು, ಒಡೆದೂ ಹೋಗಬಹುದು. ಸೆಲ್ಲಿನ ಮೇಲೆ ‘ರೀಚಾರ್ಜಬಲ್’ ಎಂದಿದೆಯೇ ನೋಡಿ. ಇಂಗ್ಲಿಷ್ ಬಾರದಿದ್ದರೆ ಮಕ್ಕಳ ಕೈಲಿ ಓದಿಸಿ.

ಲೆಕ್ಕ ಮಾಡಿ: 12 ಕೋಶ ಸಾಲಾಗಿ ಜೋಡಿಸಿದರೆ ಎಷ್ಟು ವೋಲ್ಟ್?